ನಮ್ಮ ಗಿರಣಿಯ ಗೆರೆಗಲ್ಲು

ನನ್ನ ತಂಗಿ ನೀಲವ್ವ, ತನ್ನ ಬಲಗೈ ಬೆರಳುಗಳು ಹೋದದ್ದು ತನ್ನದೇ ತಪ್ಪಿನಿಂದ ಎಂದು ನಂಬಿಕೊಂಡೇ ಅಜ್ಜಿಯಾದಳು. ಅದು ಅವಳ ತಪ್ಪಲ್ಲ ಎಂಬುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ನಾನು ಹೇಳಲಿಲ್ಲ. ಹೇಳುವ ಹೊತ್ತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಮದುವೆಯ ಹಿಂದಿನ ದಿನ ಇಬ್ಬರೇ ಕೂತು ಎಲೆ ಒರೆಸಿದ್ದೇವೆ. ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಒಂದೇ ಗೋಡೆಗೆ ಒರಗಿ ಮಧ್ಯಾಹ್ನ ಕಳೆದಿದ್ದೇವೆ. ಪ್ರತಿ ಸಲ ಮಾತು ಗಂಟಲಿಗೆ ಬಂದಾಗ ನಾನು ಎಮ್ಮೆಯ ಸುದ್ದಿಯನ್ನೋ ಮಳೆಯ ಸುದ್ದಿಯನ್ನೋ ತೆಗೆದೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಬರೆಯುವುದು ನನಗೆ ಸಲೀಸಲ್ಲ. ಆದರೂ ಬರೆಯುತ್ತಿದ್ದೇನೆ. ಮನೆಯ ಕಥೆ ಹೇಳದೆ ಈ ತಪ್ಪಿನ ಕಥೆ ಹೇಳಲು ಬರುವುದಿಲ್ಲ, ಯಾಕೆಂದರೆ ತಪ್ಪು ನಡೆದದ್ದು ಮನೆಯೊಳಗೆ, ನಮಗೆ ಅನ್ನ ಹಾಕುತ್ತಿದ್ದ ಒಂದು ಕಲ್ಲಿನ ಮೇಲೆ.

ಬೆಳುಂಕಿಯಲ್ಲಿ ನಮ್ಮದು ಗಿರಣಿಯ ಮನೆ. ಊರಿನ ಎಲ್ಲ ಮನೆಗಳ ಹಾಗೆ ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಒಳಗೆ ಬಂದರೆ ಮಾತ್ರ ಬೇರೆ. ಪಡಸಾಲೆಯ ಅರ್ಧ ಭಾಗ ಹಿಟ್ಟಿನ ಗಿರಣಿ, ಇನ್ನರ್ಧ ನಾವು ಮಲಗುವ ಜಾಗ, ಅದರ ಹಿಂದೆ ಅಡುಗೆಮನೆ. ಹೊರಗಿನ ತಗಡಿನ ಚಪ್ಪರದಲ್ಲಿ ಡೀಸೆಲ್ ಇಂಜಿನ್ನು. ಅಲ್ಲಿಂದ ಗೋಡೆಯ ತೂತಿನೊಳಗೆ ಹಾದು ಬಂದ ಪಟ್ಟಾ ಗಿರಣಿಯ ಕಲ್ಲನ್ನು ತಿರುಗಿಸುತ್ತಿತ್ತು. ಕಲ್ಲುಗಳು ಎರಡು. ಕೆಳಗಿನದು ಅಲುಗಾಡದ ಕಲ್ಲು, ಅದರ ಮೇಲೆ ತಿರುಗುವ ಕಲ್ಲು, ಎರಡನ್ನೂ ಮುಚ್ಚಿದ ತಗಡಿನ ಡಬ್ಬಿ. ಡಬ್ಬಿಯ ಮೇಲೆ ಅಗಲ ಬಾಯಿಯ ಒಂದು ತಗಡಿನ ಲಾಳಿಕೆ. ಅದರಲ್ಲಿ ಜೋಳ ಸುರಿದು ಕೈಯಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ನೂಕುತ್ತ ಕೂರಬೇಕು. ಗೋಡೆ, ತೊಲೆ, ದೇವರ ಗೂಡು, ಅಪ್ಪನ ಮೀಸೆ, ಎಲ್ಲದರ ಮೇಲೆ ಹಿಟ್ಟು. ಅವ್ವ ಹೊರಗೆ ಹೋಗುವಾಗ ಸೆರಗು ಝಾಡಿಸಿದರೆ ಬಾಗಿಲಲ್ಲಿ ಒಂದು ಮೋಡ ಎದ್ದು ನಿಲ್ಲುತ್ತಿತ್ತು. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಾವೆಲ್ಲ ಒದರುವವರೇ ಆಗಿದ್ದೆವು. ಅಮಾವಾಸ್ಯೆಗೆ ಗಿರಣಿ ನಿಂತಿರುತ್ತಿತ್ತು. ಆ ದಿನವೂ ಅಪ್ಪ ಉಪ್ಪು ಕೇಳಿದರೆ ಓಣಿಯವರಿಗೆ ಜಗಳ ಹತ್ತಿದೆಯೆನಿಸುತ್ತಿತ್ತು.

ನಮ್ಮ ಊಟವೂ ಬೇರೆ ಥರದ್ದು. ಊರವರ ಜೋಳ, ಸಜ್ಜೆ, ಗೋಧಿ, ಕಡಲೆ ಎಲ್ಲ ಒಂದೇ ಕಲ್ಲಿನಲ್ಲಿ ಬೀಳುವುದರಿಂದ ಡಬ್ಬಿಯ ಸುತ್ತ ಉದುರಿದ ಹಿಟ್ಟು ಕಲಬೆರಕೆಯಾಗಿರುತ್ತಿತ್ತು. ಅವ್ವ ಅದನ್ನು ಸಂಜೆ ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, ಸಾಣಿಸಿ, ಅದರಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಊರ ಹಿಟ್ಟು ಎಂದೇ ಅದರ ಹೆಸರು. ಆ ರೊಟ್ಟಿ ಒಂದು ದಿನದ ಹಾಗೆ ಇನ್ನೊಂದು ದಿನ ಇರಲಿಲ್ಲ. ಒಂದು ದಿನ ಬೂದು ಬಣ್ಣ, ಒಂದು ದಿನ ಹಳದಿ. ಒಂದು ದಿನ ಸೀಳುತ್ತಿತ್ತು, ಒಂದು ದಿನ ಅಂಟುತ್ತಿತ್ತು. ನೀಲವ್ವ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, ಇವತ್ತು ಯಾರ ಮನೆಯ ಕಾಳು ಬಂದಿತ್ತೆಂದು ಹೇಳುತ್ತಿದ್ದಳು. ರೊಟ್ಟಿಗೆ ಪುಂಡಿಪಲ್ಲೆ, ಗುರೆಳ್ಳಿನ ಹಿಂಡಿ, ಜೊತೆಗೆ ಅವಳ ಆ ಆಟ. ಆಗ ನಮ್ಮ ಮನೆಯಲ್ಲಿ ನಗು ಇತ್ತು ಎಂಬುದಕ್ಕೆ ನನಗೆ ನೆನಪಿರುವ ಸಾಕ್ಷಿ ಅದೊಂದೇ.

ಹಿಟ್ಟಿನಲ್ಲಿ ಹರಳು ಬರುತ್ತದೆಂಬುದು ನಮ್ಮ ಗಿರಣಿಯ ಮೇಲಿದ್ದ ದೂರು. ಮೊದಲಿದ್ದ ಮೇಲುಗಲ್ಲು ನಮ್ಮ ಹೊಲದ್ದೇ ಕರಿಕಲ್ಲು. ನಮ್ಮ ಕಡೆಯ ಕರಿಕಲ್ಲನ್ನು ಒಡೆದರೆ ಒಳಗೆ ಅಲ್ಲಲ್ಲಿ ಪೊಟರೆ, ಪೊಟರೆಯಲ್ಲಿ ಕಲ್ಲುಸಕ್ಕರೆಯಂಥ ಬಿಳಿ ಹರಳು. ಕಲ್ಲು ಸವೆದಂತೆ ಹರಳು ಸಡಿಲಾಗಿ ಹಿಟ್ಟಿಗೆ ಬೀಳುತ್ತಿತ್ತು. ಪೊಟರೆ ತೆರೆದಾಗಲೆಲ್ಲ ಅಪ್ಪ ಸುಣ್ಣ, ಬೆಲ್ಲ, ಕಲ್ಲಿನ ಪುಡಿ ಕಲಸಿ ಅದಕ್ಕೆ ಮೆತ್ತುತ್ತಿದ್ದ. ಒಣಗಿದ ಮೇಲೆ ಕಲ್ಲಿಗೆ ಕಲ್ಲೇ ಆಗುತ್ತಿತ್ತು. ಆದರೆ ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಓಣಿಯ ಕಾಶವ್ವ ಆಯಿ ಹಿಟ್ಟಿನ ಬುಟ್ಟಿ ಹೊತ್ತು ತಿರುಗಿ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು.

“ಅಲ್ಲೋ ಸಾವಕಾರ, ನೀ ಜ್ವಾಳ ಬೀಸ್ತೀಯೋ ಕಲ್ಲು ಬೀಸ್ತೀಯೋ? ನನಗ ಉಳದದ್ದ ನಾಕು ಹಲ್ಲು. ಅವನ್ನೂ ಲಾಳಿಕ್ಯಾಗ ಹಾಕಿ ಬೀಸಿಬಿಡು, ಪಾಡಾಕೈತಿ.”

“ಹಲ್ಲು ಬೀಸಾಕ ಬ್ಯಾರೆ ರೇಟ್ ಐತಿ ಆಯಿ. ಕುಂದರು, ನೀರು ಕುಡಿ.”

ಅಪ್ಪ ನಗುತ್ತಿದ್ದ, ಆದರೆ ಅವಳು ಹೋದ ಮೇಲೆ ಮುಖ ಸಪ್ಪಗಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಕೃಷ್ಣಾ ಹೊಳೆ ದಾಟಿ ದಕ್ಷಿಣಕ್ಕೆ ಹೋಗಿ ಹೊಸ ಮೇಲುಗಲ್ಲು ತರುತ್ತೇನೆಂದ. ಅವ್ವ ಒಪ್ಪಲಿಲ್ಲ. ಹಗಲೆಲ್ಲ ಜಗಳ.

“ಮಂದಿ ಹೊಳಿಯಾಚಿಗೆ ಹೋಗಿ ಸೀರಿ ತರತಾರ, ಭಾಂಡಿ ತರತಾರ. ನೀವು ಕಲ್ಲು ತರತೀರಿ? ನಮ್ಮೂರಾಗ ಕಲ್ಲಿಗೇನ ಬರ ಬಂದೈತಿ? ಹೊಲದ ತುಂಬ ಅವ ಬಿದ್ದಾವ.”

“ಇಲ್ಲಿದ್ದದ್ದು ಗ್ವಾಡಿ ಕಟ್ಟೂ ಕಲ್ಲು. ಅಲ್ಲಿದ್ದದ್ದು ಬೀಸೂ ಕಲ್ಲು. ನಿನಗ ತಿಳಿಯಂಗಿಲ್ಲ, ಬಿಡು.”

“ನನಗ ತಿಳಿದಿದ್ರ ಗಿರಣ್ಯಾವನ್ನ ಮದುವಿ ಆಗತಿದ್ನೇನ?”

ಅಪ್ಪ ಲಾರಿಯಲ್ಲಿ ಆ ಕಲ್ಲನ್ನು ತಂದಾಗ ಊರೇ ಬಂದು ನೋಡಿತು. ಅಂಥ ಕಲ್ಲನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಬಿಳಿ ಗೆರೆ, ನಸುಗೆಂಪು ಗೆರೆ, ನಡುನಡುವೆ ಕರಿಗೆರೆ. ಕರಿಗೆರೆಯಲ್ಲಿ ಕಾಗೆಬಂಗಾರದ ಸಣ್ಣ ಚೂರುಗಳು ಮಿನುಗುತ್ತಿದ್ದವು. ಗೆರೆಗಳು ನೆಟ್ಟಗಿರಲಿಲ್ಲ, ಹರಿಯುವಾಗ ನಿಂತುಬಿಟ್ಟ ನೀರಿನ ಹಾಗೆ ಬಾಗಿ ಬಳುಕಿ ಕಲ್ಲಿನ ಈ ತುದಿಯಿಂದ ಆ ತುದಿಗೆ ಹೋಗಿದ್ದವು. ಅಲ್ಲಿಯ ಗುಡ್ಡಗಳಲ್ಲಿ ಕಲ್ಲು ಸೀರೆಯ ನಿರಿಗೆಯ ಹಾಗೆ ಮಡಚಿಕೊಂಡು ನಿಂತಿದೆ ಎಂದು ಅಪ್ಪ ಕೈಯಿಂದ ತೋರಿಸಿದ. ಬಿಳಿಗೆರೆ ಗಟ್ಟಿ, ಕರಿಗೆರೆ ಮೆತ್ತಗೆ. ಮೆತ್ತನೆಯದು ಮೊದಲು ಸವೆಯುತ್ತದೆ, ಗಟ್ಟಿಯದು ಎದ್ದು ನಿಂತು ಕಾಳನ್ನು ಕತ್ತರಿಸುತ್ತದೆ, ಕಲ್ಲು ತಾನಾಗಿಯೇ ಹರಿತವಾಗಿರುತ್ತದೆ, ಇದು ಅಪ್ಪನ ಲೆಕ್ಕಾಚಾರ. ಕಲ್ಲಿನ ಸುತ್ತ ಒಂದು ಕಬ್ಬಿಣದ ಪಟ್ಟಿ ಬಿಗಿಸಿದ್ದರು. ಕಲ್ಲು ಕಡಿದವನು ಒಂದು ಮಾತು ಹೇಳಿ ಕಳಿಸಿದ್ದ. ಅದನ್ನು ಅಪ್ಪ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದ. ನಾನು ಆಗಲೇ ಶಾಲೆ ಬಿಟ್ಟು ಗಿರಣಿಯ ಕೆಲಸಕ್ಕೆ ನಿಂತಿದ್ದೆ, ಮೀಸೆ ಚಿಗುರುವ ವಯಸ್ಸು.

“ಚನ್ಯಾ, ಚಂದಾಗಿ ಕೇಳು. ಇದು ನಮ್ಮ ಕರಿಕಲ್ಲಿನಂಗಲ್ಲ. ಕರಿಕಲ್ಲು ಬಿದ್ರ ಒಂದ ಚಕ್ಕಿ ಏಳತೈತಿ, ಮುಗೀತು. ಇದು ಅಂಚಿನ ಮ್ಯಾಲ ಬಿದ್ರ ಗೆರಿ ಹಿಡದು ಸೀಳತೈತಿ. ಇದನ್ನ ಇಳಿಸೂ ಮುಂದ ಕೆಳಗ ಚೀಲ ಹಾಸಾಕ ಬೇಕು. ಇಬ್ಬರ ಹಿಡೀಬೇಕು. ತಿಳೀತಿಲ್ಲೋ?”

“ತಿಳೀತು.”

ಹೊಸ ಕಲ್ಲು ಕೂರಿಸಿದ ದಿನ ಅಪ್ಪ ಅದಕ್ಕೆ ವಿಭೂತಿ ಹಚ್ಚಿದ, ಅವ್ವ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದಳು. ಮೊದಲ ಬೀಸಿನ ಹಿಟ್ಟನ್ನು ಮನುಷ್ಯರು ತಿನ್ನಬಾರದು, ಕಲ್ಲಿನ ಪುಡಿ ಇರುತ್ತದೆ. ಅದನ್ನು ಎಮ್ಮೆಗೆ ಕಲಸಿದೆವು. ಆಮೇಲೆ ಬಂದ ಹಿಟ್ಟು ಮೆತ್ತಗೆ, ತಣ್ಣಗೆ, ಒಂದು ಹರಳಿಲ್ಲದೆ ಬಂತು. ಕಾಶವ್ವ ಆಯಿ ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಆಡಿಸಿ, ಏನೂ ಅನ್ನದೆ ಬುಟ್ಟಿ ಹೊತ್ತು ಹೋದಳು. ಅವಳು ಏನೂ ಅನ್ನದೆ ಹೋದದ್ದು ಅದೇ ಮೊದಲು. ಅಪ್ಪ ಆ ದಿನ ಎರಡು ಸಲ ಚಹಾ ಕುಡಿದ.

ನೀಲವ್ವ ಆಗ ಏಳನೆಯ ಇಯತ್ತೆ. ಇಂಜಿನ್ನು ನಿಂತಾಗ ಹಿಟ್ಟಿನ ಚೀಲಗಳ ಮೇಲೆ ಕೂತು ಪಾಠ ಓದುತ್ತಿದ್ದಳು. ನಾನು ಕಲಿತ ಅಷ್ಟಿಷ್ಟು ಕನ್ನಡ ಮರೆಯದೆ ಉಳಿದದ್ದು ಅವಳ ಆ ಗಟ್ಟಿ ಓದಿನಿಂದ. ಕಲ್ಲು ಬಂದ ವರ್ಷವೇ ಅವಳ ಭೂಗೋಳದಲ್ಲಿ ಕಲ್ಲಿನ ಪಾಠ ಬಂತು. ಅವಳು ಪುಸ್ತಕ ಬದಿಗಿಟ್ಟು, ಡಬ್ಬಿ ತೆರೆಸಿ, ಕಲ್ಲಿನ ಮೇಲೆ ಬೆರಳಾಡಿಸುತ್ತ ನನಗೆ ಹೇಳಿದಳು.

“ಅಣ್ಣಾ, ಮೂರು ನಮೂನಿ ಕಲ್ಲು ಅದಾವಂತ. ನಮ್ಮ ಕರಿಕಲ್ಲು ಬೆಂಕಿಯಿಂದ ಆದದ್ದು. ನೆಲ ಒಡದು ಉಕ್ಕಿ ಬಂದು, ಹರದು, ಆರಿ ಕುಂತದ್ದು. ಇದು ರೂಪಾಂತರ ಶಿಲೆ.”

“ಅಂದ್ರ?”

“ಮೊದಲ ಇದು ಬ್ಯಾರೇನ ಕಲ್ಲು. ನೆಲದ ತಳದಾಗ ಭಾರ ಬಿದ್ದು, ಕಾವು ಬಡದು ಬದಲಾಗೈತಿ. ಒಳಗಿನ ಹರಳೆಲ್ಲಾ ಭಾರ ತಾಳಲಾರದ ಒಂದ ಕಡಿಗೆ ಸಾಲು ಹಿಡದು ಮಲಗಿಬಿಡತಾವಂತ. ಅದಕ್ಕ ಈ ಗೆರಿ.”

“ಕರಗಲಾರದ ಹೆಂಗ ಬದಲಾಗತೈತಿ?”

“ರೊಟ್ಟಿ ಹಂಚಿನ ಮ್ಯಾಲ ಕರಗತೈತೇನು? ಸುಡತೈತಿ, ಬದಲಾಗತೈತಿ. ಹಾಂಗ. ಇನ್ನೊಂದು ಹೇಳಲಿ? ಗುರುಗಳು ಅಂದ್ರು, ನಮ್ಮ ಕರಿಕಲ್ಲು ಮ್ಯಾಲ ಹೊಚ್ಚಿದ ಕೌದಿ ಇದ್ದಂಗಂತ. ನಮ್ಮೂರ ತಳದಾಗೂ, ಭಾಳ ಆಳಕ್ಕ, ಇಂಥಾದ ಹಳೀ ಕಲ್ಲು ಐತಂತ. ಹೊಳಿಯಾಚಿ ಕೌದಿ ತೆರದೈತಿ, ಅದಕ್ಕ ಅಲ್ಲಿ ಕಾಣಸ್ತೈತಿ.”

ಅವಳಿಗೆ ಆ ಪಾಠ ಹಿಡಿಸಿಬಿಟ್ಟಿತು. ಮ್ಯಾಟ್ರಿಕ್ ಮುಗಿಸಿ ಸಾಂಗಲಿಗೆ ಹೋಗಿ ಕಲ್ಲಿನ ವಿದ್ಯೆಯನ್ನೇ ಕಲಿಯುತ್ತೇನೆಂದು ಅಪ್ಪನ ಮುಂದೆ ಹೇಳಿದಳು. ಅಪ್ಪ ನಗಲಿಲ್ಲ, ಮೊದಲು ಮ್ಯಾಟ್ರಿಕ್ ಆಗಲಿ ಎಂದ. ನಮ್ಮ ಮನೆಯಲ್ಲಿ ಅದೆಂದರೆ ಒಪ್ಪಿದಂತೆಯೇ.

ಗಿರಣಿಯ ಕಲ್ಲು ಸವೆದು ನುಣುಪಾದಾಗ ಮೇಲುಗಲ್ಲನ್ನು ಎತ್ತಿ ಇಳಿಸಿ, ಉಳಿ ಸುತ್ತಿಗೆಯಿಂದ ಅದರ ಮುಖವನ್ನು ಮತ್ತೆ ಒರಟು ಮಾಡಬೇಕು. ಅದಕ್ಕೆ ನಾವು ಟಾಕಿ ಹಾಕುವುದು ಎನ್ನುತ್ತಿದ್ದೆವು. ಟಾಕಿ ಹಾಕಿದ ಮೇಲೆ ಕಲ್ಲನ್ನು ನಿಲ್ಲಿಸಿ ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ದನಿ ಕೇಳುವುದು ರೂಢಿ. ಗಟ್ಟಿ ಕಲ್ಲು ಕಂಚಿನಂತೆ ನಾದ ಕೊಡುತ್ತದೆ, ಬಿರುಕು ಇದ್ದರೆ ಬೊದ್ದೆನ್ನುತ್ತದೆ. ಇಂಜಿನ್ನಿನ ಪಕ್ಕ ಇದ್ದೂ ಇದ್ದೂ ಅಪ್ಪನ ಕಿವಿ ಮಂದವಾಗಿತ್ತು. ಅದಕ್ಕೆ ದನಿ ನೋಡುವ ಕೆಲಸ ನನ್ನದು. ನಾನು ಚಲೋ ಐತಿ ಎಂದರೆ ಕಲ್ಲು ಏರುತ್ತಿತ್ತು. ಮನೆಯಲ್ಲಿ ನನ್ನ ಮಾತು ನಡೆಯುತ್ತಿದ್ದದ್ದು ಅದೊಂದರಲ್ಲಿ ಮಾತ್ರ, ಅದರ ಹೆಮ್ಮೆ ನನಗೆ ಬಹಳ ಇತ್ತು.

ಒಂದು ಅಮಾವಾಸ್ಯೆಗೆ ಅಪ್ಪ ಹೊಸ ಪಟ್ಟಾ ತರಲು ಜತ್ತಿಗೆ ಹೋದ. ನಾನು ಬರುವವರೆಗೆ ಕಲ್ಲು ಮುಟ್ಟಬೇಡ, ಬಂದು ಇಬ್ಬರೂ ಇಳಿಸೋಣ ಎಂದು ಹೇಳಿ ಹೋಗಿದ್ದ. ನನಗೆ ದರಿಬಡಚಿಯಲ್ಲಿ ಆ ದಿನ ಕುಸ್ತಿ ನೋಡುವುದಿತ್ತು. ಅಪ್ಪ ಬರುವುದರೊಳಗೆ ಇಳಿಸಿ ಟಾಕಿ ಹಾಕಿಬಿಟ್ಟರೆ ಬಿಡುಗಡೆ. ಹಾರೆಯಿಂದ ಮೀಟಿ ಮೇಲುಗಲ್ಲನ್ನು ನಿಲ್ಲಿಸಿದೆ. ಚೀಲ ಅಟ್ಟದ ಮೇಲಿದ್ದವು, ತರುವುದು ಬೇಸರ. ನಾಲ್ಕು ಮಾರು ಉರುಳಿಸಿದರೆ ಬೆಳಕಿಗೆ ಬರುತ್ತದೆಂದು ಒಬ್ಬನೇ ಉರುಳಿಸಿದೆ. ಅದು ಕೈ ಮೀರಿತು. ಹೊಸ್ತಿಲ ಕರಿಕಲ್ಲಿಗೆ ಅಂಚು ಬಡಿದು ಮಗ್ಗುಲಾಗಿ ಬಿತ್ತು. ದೊಡ್ಡ ಸದ್ದೇನೂ ಬರಲಿಲ್ಲ. ಅಂಚಿನಲ್ಲಿ ಅಡಿಕೆಯಷ್ಟು ಚೂರು ಹೋಗಿತ್ತು. ನೀರು ಹಾಕಿ ಒರೆಸಿ ನೋಡಿದೆ. ಒಂದು ಕರಿಗೆರೆಯ ಗುಂಟ ಕೂದಲೆಳೆಯಂಥ ಬಿರುಕು ಒಳಗೆ ಸಾಗಿ ಕಾಳು ಇಳಿಯುವ ನಡುಗಣ್ಣಿನ ಹತ್ತಿರ ನಿಂತಿತ್ತು. ಹಚ್ಚಿದ ನೀರನ್ನು ಅದು ಕುಡಿಯುತ್ತಿತ್ತು.

ಆಗ ನಾನು ಮಾಡಿದ್ದು, ಗಿರಣಿಯ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡುವಂಥದ್ದು. ಸುಣ್ಣ, ಬೆಲ್ಲ, ಕಲ್ಲಿನ ಪುಡಿ ಕಲಸಿ ಒಡೆದ ಅಂಚಿಗೂ ಆ ಬಿರುಕಿಗೂ ತಿಕ್ಕಿ ತಿಕ್ಕಿ ತುಂಬಿದೆ. ಪೊಟರೆ ಮುಚ್ಚುವುದನ್ನು ನೂರು ಸಲ ನೋಡಿದ್ದೆನಲ್ಲ. ಮೆತ್ತಿದ ಮೇಲೆ ಕಲ್ಲಿಗೆ ಕಲ್ಲೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪೊಟರೆ ಬೇರೆ, ಸೀಳು ಬೇರೆ ಎಂದು ನನಗೆ ತಿಳಿದಿರಲಿಲ್ಲವೇ ಎಂದು ಈಗ ಕೇಳಿಕೊಂಡರೆ, ತಿಳಿದಿತ್ತು ಎಂದೇ ಉತ್ತರ ಬರುತ್ತದೆ. ಟಾಕಿ ಮುಗಿಸಿ ಮೇಲೆ ಹಿಟ್ಟು ಸವರಿದೆ. ಅಪ್ಪ ಸಂಜೆ ಬಂದ. ಕಲ್ಲು ಇಳಿದು, ಟಾಕಿ ಆಗಿ, ನಿಂತಿರುವುದನ್ನು ಕಂಡು ಮೊದಲು ಬೈದ, ಆಮೇಲೆ ನನ್ನ ತೋಳು ಹಿಚುಕಿ ನೋಡಿ, ಒಬ್ಬನೇ ಇಳಿಸಿದೆಯಾ ಎಂದು ಖುಷಿಪಟ್ಟ. ಕೊಡತಿ ನನ್ನ ಕೈಗೆ ಕೊಟ್ಟ. ನಾನು ಬಿರುಕಿನ ಪಕ್ಕ ಒಂದು ಸಲ ತಟ್ಟಿದೆ, ಬೊದ್ದೆಂದಿತು. ಕೈ ತೆಗೆದು ಆಚೆ ಬದಿಗೆ, ಕಬ್ಬಿಣದ ಪಟ್ಟಿಗೆ ತಾಗುವಂತೆ ತಟ್ಟಿದೆ.

“ದನಿ ಹೆಂಗೈತೋ?”

“ಚಲೋ ಐತಿ.”

ಕಲ್ಲು ಏರಿತು.

ಇಲ್ಲಿಯವರೆಗಿನದನ್ನು ನಾನು ಬಹಳ ವರ್ಷ ನನ್ನ ಮನಸ್ಸಿನಲ್ಲಿ ಹುಡುಗಾಟದ ತಪ್ಪು ಎಂದು ಮಾಡಿಕೊಂಡಿದ್ದೆ. ಇದರ ಮುಂದಿನದು ಹುಡುಗಾಟವಲ್ಲ. ಕಲ್ಲು ಏರಿದ ಮರುದಿನದಿಂದ ನಾನು ಲಾಳಿಕೆಯ ಪಕ್ಕ ಕೂರುವುದನ್ನು ಬಿಟ್ಟೆ. ಒಂದು ದಿನ ಹೊಟ್ಟೆನೋವೆಂದೆ. ಒಂದು ದಿನ ಇಂಜಿನ್ನಿಗೆ ಎಣ್ಣೆ ಬಿಡುತ್ತೇನೆಂದು ಚಪ್ಪರಕ್ಕೆ ಹೋದೆ. ಅಪ್ಪ ಕೂತಾಗ ಬಾಗಿಲಲ್ಲಿ ನಿಂತು ಕಲ್ಲಿನ ಸದ್ದನ್ನೇ ಕೇಳುತ್ತಿದ್ದೆ, ಆದರೂ ಬಾಯಿ ಬಿಡಲಿಲ್ಲ. ಪಟ್ಟಿ ಬಿಗಿಯಾಗಿತ್ತು, ಕಲ್ಲು ತಿರುಗುತ್ತಲೇ ಇತ್ತು. ಒಂದೊಂದು ದಿನ ಕಳೆದಂತೆ ಏನೂ ಆಗಲಿಕ್ಕಿಲ್ಲ ಎನಿಸಿತು. ಆದರೂ ಕೂರಲಿಲ್ಲ. ಶಾಲೆಗೆ ಸೂಟಿ ಇದ್ದ ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆದ್ದ. ನನ್ನ ಪಾಳಿ. ನೀಲವ್ವ ಚೀಲದ ಮೇಲೆ ಕೂತು ಓದುತ್ತಿದ್ದಳು.

“ನೀಲಿ, ನೀ ಸ್ವಲ್ಪ ಕುಂದರು. ನಾ ಬಾವಿಗೆ ಹೋಗಿ ಬರತೀನಿ.”

“ಊಟದ ಹೊತ್ತಿಗೇ ನಿನಗ ಈಸು ನೆನಪಾಗತೈತೇನು? ಹೋಗು, ಲಗೂನ ಬಾ. ಇಲ್ಲಂದ್ರ ನಿನ್ನ ಪಾಲಿನ ಹಿಂಡಿ ನಾ ತಿಂತೀನಿ.”

ಬಾವಿಯ ದಂಡೆಯ ಮೇಲಿರುವಾಗಲೇ ನನಗೆ ಆ ಸದ್ದು ಕೇಳಿತು. ಕಲ್ಲಿನ ಭಾರ ಕಳಚಿ ಇಂಜಿನ್ನು ಒಮ್ಮೆಲೇ ಹಗುರಾಗಿ ಓಡಿದ ಸದ್ದು. ನಾನು ಮನೆಗೆ ಬಂದಾಗ ತಗಡಿನ ಡಬ್ಬಿ ಸೀಳಿತ್ತು. ಕಲ್ಲು ಎರಡಾಗಿತ್ತು, ಒಂದು ಹೋಳು ಗೋಡೆಗೆ ಬಡಿದು ಬಿದ್ದಿತ್ತು. ಅವ್ವ ನೀಲವ್ವನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಹಿಟ್ಟು ಇನ್ನೂ ಗಾಳಿಯಲ್ಲಿ ಇಳಿಯುತ್ತಿತ್ತು, ಇಳಿದದ್ದು ಅಲ್ಲಲ್ಲಿ ಕೆಂಪಾಗುತ್ತಿತ್ತು. ನೀಲವ್ವ ಅಳಲಿಲ್ಲ. ನನ್ನನ್ನು ಕಂಡು, ನಾನು ಏನೂ ಮಾಡಲಿಲ್ಲ ಅಣ್ಣಾ ಎಂದಳು. ಜೀಪು ಮಾಡಿ ಜತ್ತಿಗೆ, ಅಲ್ಲಿಂದ ಮಿರಜಿಗೆ ಒಯ್ದರು. ಹೆಬ್ಬೆರಳು, ಕಿರುಬೆರಳು ಉಳಿದವು.

ಅಪ್ಪ ಮಿರಜಿನಿಂದ ಬಂದ ದಿನ ಒಬ್ಬನೇ ಆ ಹೋಳುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಲ್ಲು ಕರಿಗೆರೆ ಹಿಡಿದು ಸೀಳಿತ್ತು. ಸೀಳಿದ ಮುಖದ ತುಂಬ ಕಾಗೆಬಂಗಾರ ಹೊಸದಾಗಿ ಮಿನುಗುತ್ತಿತ್ತು. ಅಂಚಿನಿಂದ ನಡುಗಣ್ಣಿನವರೆಗೆ ಮಾತ್ರ ಮಿನುಗು ಇರಲಿಲ್ಲ. ಅಲ್ಲಿ ಸುಣ್ಣದ ಒಂದು ತೆಳ್ಳನೆಯ ಬಿಳಿ ಪಟ್ಟಿ. ಅಪ್ಪ ಅದರ ಮೇಲೆ ಹೆಬ್ಬೆರಳು ಎಳೆದ. ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಬೆಲ್ಲದ ರುಚಿ ಇದ್ದಿರಬೇಕು. ತಿರುಗಿ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಹೊಡೆಯುತ್ತಾನೆಂದು ಕಾದೆ. ಅವನು ಉಳಿ ತೆಗೆದುಕೊಂಡು ಆ ಸುಣ್ಣವನ್ನು ಪೂರ್ತಿ ಕೆರೆದು ತೆಗೆದ. ಅಷ್ಟರಲ್ಲಿ ಓಣಿಯವರು ಕೇಳಲು ಬಂದರು. ಲಾಳಿಕೆಯಲ್ಲಿ ಉಳಿದ ಜೋಳವನ್ನು ಅಪ್ಪ ಮೊರಕ್ಕೆ ಸುರಿದು, ಕೈಯಾಡಿಸಿ, ಒಂದು ಹರಳು ಎತ್ತಿ ತೋರಿಸಿದ. ಕಣದ ಜೋಳದಲ್ಲಿ ಯಾವಾಗಲೂ ಇರುವಂಥ ಕಡಲೆಕಾಳಿನಷ್ಟು ಹರಳು.

“ಇಂಥಾದು ಕಲ್ಲಿನಾಗ ಸಿಗಿಬಿದ್ದೈತಿ. ಹುಡುಗಿ ನೋಡಲಾರದ ಸುರದೈತಿ. ಸಣ್ಣದು, ಅದಕ್ಕೇನ ತಿಳೀತೈತಿ.”

ಅಂಥ ಹರಳು ಆ ಕಲ್ಲನ್ನು ಒಡೆಯಲಾರದು ಎಂದು ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಅಪ್ಪ ನನ್ನನ್ನು ಉಳಿಸಿದ. ಹೇಗಿದ್ದರೂ ಅವಳ ಕೈ ಹೋಗಿದೆ, ಮಗನ ಮೇಲೆ ಈ ಮಾತು ಯಾಕೆ ಎಂದುಕೊಂಡಿರಬೇಕು. ಆ ಮೇಲೆ ಅವನು ನನ್ನ ಕೈಗೆ ಕೊಡತಿ ಕೊಡಲಿಲ್ಲ. ಮತ್ತೊಂದು ಕರಿಕಲ್ಲು ಕೂರಿಸಿದಾಗ, ಕೇಳದ ಕಿವಿಯನ್ನು ಕಲ್ಲಿಗೇ ಹಚ್ಚಿ ತಾನೇ ತಟ್ಟಿ ನೋಡಿಕೊಂಡ. ಅವನು ಸಾಯುವವರೆಗೆ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ನೀಲವ್ವ ಶಾಲೆಗೆ ಹೋಗಲಿಲ್ಲ. ಎಡಗೈಯಿಂದ ಬರೆಯುವುದು ಕಲಿ ಎಂದು ಗುರುಗಳು ಎರಡು ಸಲ ಮನೆಗೆ ಬಂದು ಹೇಳಿದರು. ಅವಳು ಒಳಗಿನಿಂದಲೇ, ಅಪ್ಪನ ಗಿರಣಿ ಕೆಡಿಸಿದವಳು ಇನ್ನೇನು ಓದಲಿ ಎಂದಳು. ಊಟದಲ್ಲಿ ರೊಟ್ಟಿಯ ರುಚಿ ನೋಡಿ ಯಾರ ಮನೆಯ ಕಾಳೆಂದು ಹೇಳುವುದನ್ನು ಬಿಟ್ಟಳು. ರೊಟ್ಟಿ ಬಡಿಯುವುದನ್ನು ಎಡಗೈಯಿಂದ, ಬಲ ಅಂಗೈಯ ಬುಡದಿಂದ ಕಲಿತಳು. ಅಂಚು ದಪ್ಪವಾಗುತ್ತಿತ್ತು, ಅವ್ವ ಅದನ್ನು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು. ಬಾಲಗಾಂವದ ಒಬ್ಬ ಹೆಂಡತಿ ಸತ್ತವನಿಗೆ, ಎರಡು ಮಕ್ಕಳಿದ್ದವನಿಗೆ, ಅವಳನ್ನು ಕೊಟ್ಟರು. ಮನುಷ್ಯ ಒಳ್ಳೆಯವನು. ಆದರೆ ಅದು ಅವಳು ಕೇಳಿದ ಬದುಕಲ್ಲ. ನಾನು ಗಿರಣಿ ನಡೆಸಿದೆ, ಮದುವೆಯಾದೆ, ಮಕ್ಕಳಾದವು. ಹಬ್ಬಕ್ಕೆ ಅವಳಿಗೆ ಸೀರೆ ಕೊಟ್ಟಾಗಲೆಲ್ಲ ಅವಳು ಆ ಎರಡು ಬೆರಳಿನ ನಡುವೆ ಅದನ್ನು ಹಿಡಿಯುತ್ತಿದ್ದಳು, ನಾನು ಬೇರೆ ಕಡೆ ನೋಡುತ್ತಿದ್ದೆ. ಬಾಲಗಾಂವದಲ್ಲಿ ಮದುವೆ ಇರಲಿ, ದಿನಕರ್ಮ ಇರಲಿ, ಕಾಳು ಹಸನು ಮಾಡಲು ಅವಳನ್ನೇ ಕರೆಯುತ್ತಾರೆ. ಅವಳ ಮೊರದಿಂದ ಒಂದು ಹರಳು ದಾಟುವುದಿಲ್ಲ. ಜನ ಅದನ್ನು ಅವಳ ಹೆಚ್ಚುಗಾರಿಕೆ ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿ ಕೂತು ಅವಳು ಏನು ಹುಡುಕುತ್ತಾಳೆಂದು ನನಗೊಬ್ಬನಿಗೇ ಗೊತ್ತಿತ್ತು.

ಈ ಸಲ ಸುಗ್ಗಿ ಮುಗಿದ ಮೇಲೆ ಅವಳ ಮನೆಗೆ ಹೋಗಿದ್ದೆ. ಈಗ ಅವಳ ಮನೆಯಲ್ಲಿ ಕಪಾಟಿನಂಥ ಸಣ್ಣ ಕರೆಂಟಿನ ಗಿರಣಿ ಇದೆ. ಅವಳ ಮೊಮ್ಮಗಳು ಮೊಬೈಲ್ ನೋಡುತ್ತ ಅದರೊಳಗೆ ಗೋಧಿ ಸುರಿಯುತ್ತಿದ್ದಳು. ನೀಲವ್ವ ಕೂತಲ್ಲಿಂದಲೇ ಗದರಿದಳು.

“ನೋಡಿ ಸುರಿಯವಾ. ಕಣ್ಣು ಎಲ್ಲಿಟ್ಟಿ?”

“ಹಸನಾದ ಗೋದಿ ಆಯಿ. ನೀನ ಮಾಡೀದಿ.”

“ಮಾಡಿದ್ರೂ ನೋಡಬೇಕು. ನಾ ನೋಡಲಾರದ ಸುರದು ಏನ ಮಾಡಕೊಂಡೀನಿ, ಕಾಣಂಗಿಲ್ಲೇನು? ನನ್ನ ಕೈ ಹೋದದ್ದು ಹೋಗಲಿ. ಒಂದ ಹರಳಿನಿಂದ ನಮ್ಮಪ್ಪನ ಕಲ್ಲು ಒಡದ್ನಿ. ಹೊಳಿಯಾಚಿಂದ ಆಸೆ ಮಾಡಿ ತಂದಿದ್ದ. ಅವ ನನಗ ಒಂದಿನ ಬೈಲಿಲ್ಲ. ಬೈದಿದ್ರ ಪಾಡಿತ್ತು.”

ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಹೇಳಿದ ರೀತಿಯಲ್ಲಿ ದುಃಖವೂ ಇರಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಸವೆದ ಮಾತು. ಹುಡುಗಿ ಒಳಗೆ ಹೋದಳು. ನಾನು ಕುರ್ಚಿಯಿಂದ ಇಳಿದು ಅವಳ ಎದುರು ನೆಲಕ್ಕೆ ಕೂತೆ.

“ಯಾಕ ಅಣ್ಣಾ, ಮ್ಯಾಲ ಕುಂದರು. ಮೊಣಕಾಲು ಹಿಡಿತೈತಿ.”

“ಆ ಕಲ್ಲು ಹರಳಿನಿಂದ ಒಡೀಲಿಲ್ಲ ನೀಲವ್ವಾ.”

ಹೇಳತೊಡಗಿದೆ. ಹೊಸ್ತಿಲಿಗೆ ಬೀಳಿಸಿದ್ದು, ಸುಣ್ಣ ಬೆಲ್ಲ ಮೆತ್ತಿದ್ದು, ಆಚೆ ಬದಿಗೆ ತಟ್ಟಿದ್ದು. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು. ನಾನು ನಿಲ್ಲಿಸಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

“ಕರಿಗೆರಿ ಹಿಡದು ಸೀಳಿತ್ತೇನು?”

“ಹೂಂ.”

“ಸೀಳಬೇಕು ಮತ್ತ. ಅದು ಇರೂದ ಹಾಂಗ.” ಆಮೇಲೆ ಕೇಳಿದಳು, “ಅಪ್ಪಗ ಗೊತ್ತಿತ್ತೇನು?”

ಇದನ್ನು ಅವಳು ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಗೊತ್ತಿರಲಿಲ್ಲ ಎನ್ನಬಹುದಾಗಿತ್ತು. ಅಪ್ಪ ಅವಳ ಪಾಲಿಗೆ ಬೈಯದ ಅಪ್ಪನಾಗಿಯೇ ಉಳಿಯುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು.

“ಗೊತ್ತಿತ್ತು. ಸುಣ್ಣ ತಾನ ಕೆರದು ತಗದ.”

ಅವಳ ಮುಖ ಆಗ ಒಡೆಯಿತು. ಕೈಗಾಗಿ ಅಳದವಳು, ಮದುವೆಯಲ್ಲಿ ಅಳದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಮುಟ್ಟಲು ಹೋಗಲಿಲ್ಲ, ಆ ಹಕ್ಕು ನನಗಿರಲಿಲ್ಲ. ಒಳಗಿನಿಂದ ಹುಡುಗಿ ಬಂದು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಹಿಂದೆ ಸರಿದಳು. ನೀಲವ್ವ ಕಣ್ಣು ಒರೆಸಿಕೊಂಡು ನನ್ನನ್ನು ನೆಟ್ಟಗೆ ನೋಡಿದಳು.

“ಆ ದಿನ ಪಾಳಿ ನಿಂದಿತ್ತಲ್ಲ. ನನ್ನ ಕುಂದರಿಸಿ ಬಾವಿಗೆ ಹೋದಿ. ಈಸಾಕ ಹೋಗಿದ್ದೇನು, ಅಂಜಿ ಹೋಗಿದ್ದೇನು?”

ಹೊರಗೆ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ಅವಳ ಗಂಡನಿಗಾಗಿ 'ಕಾಕಾ ಅದಾರೇನ್ರಿ' ಎಂದು ಕೂಗುತ್ತಿದ್ದರು. ಅವಳು ಓ ಎನ್ನಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು.

“ಅಂಜಿ ಹೋಗಿದ್ನಿ. ಒಡೀತೈತಿ ಅಂತ ನನಗ ಗೊತ್ತಿತ್ತು, ಅದಕ್ಕ ನಾ ಕುಂದರಲಿಲ್ಲ, ನಿನ್ನ ಕುಂದರಿಸಿದ್ನಿ. ನೀ ನೋಡೇ ಸುರದಿದ್ದಿ ನೀಲವ್ವಾ. ನಿನ್ನ ತಪ್ಪು ಏನೂ ಇರಲಿಲ್ಲ. ತಪ್ಪು ನಂದು. ನನ್ನದು ತಪ್ಪಾತು.”